ಗಾಳಿಯೂ ಮರದ ಆಕಾರವೂ

ಮಲೆನಾಡಿನ ಅಡಕೆಯ ತೋಟಕ್ಕೆ ಕೊಯ್ಲಿನ ಕಾಲದಲ್ಲಿ ಹೋದವರು ಒಂದು ದೃಶ್ಯವನ್ನು ಮರೆಯಲಾರರು. ಕೊನೆಗೌಡನು ಒಂದು ಮರದ ತುದಿಗೇರಿ, ಕೊನೆಯನ್ನು ಕೊಯ್ದು, ನೇಣಿನ ಮೂಲಕ ಕೆಳಗೆ ಜಾರಿಸುತ್ತಾನೆ. ಅಷ್ಟಾದ ಮೇಲೆ ಅವನು ನೆಲಕ್ಕಿಳಿಯುವುದಿಲ್ಲ. ಇದ್ದಲ್ಲಿಂದಲೇ ಮೈಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತ ಮರವನ್ನು ತೂಗತೊಡಗುತ್ತಾನೆ. ಮೊದಲ ತೂಗಿಗೆ ತುದಿ ಒಂದು ಗೇಣು ಸರಿಯುತ್ತದೆ. ಮುಂದಿನದಕ್ಕೆ ಒಂದು ಮೊಳ. ನಾಲ್ಕಾರು ತೂಗುಗಳೊಳಗಾಗಿ ಒಂಬತ್ತು ಅಡಿ ದೂರದ ನೆರೆಮರ ಅವನ ಕೈಗೆ ಸಿಕ್ಕಿಬಿಡುತ್ತದೆ. ಅದನ್ನು ಹಿಡಿದು, ಹಳೆಯ ಮರವನ್ನು ಬಿಟ್ಟು, ಅವನು ದಾಟಿಕೊಳ್ಳುತ್ತಾನೆ. ಕೈಬಿಟ್ಟ ಮರ ಕೆಲವು ಸಲ ಅತ್ತಿತ್ತ ತೂಗಾಡಿ ನಿಧಾನವಾಗಿ ನೆಟ್ಟಗಾಗುತ್ತದೆ.

ಅದೇ ಮನುಷ್ಯನು ಅಷ್ಟೇ ಎತ್ತರದ ಮಾವಿನ ಮರವನ್ನೇರಿ ಇದೇ ಉಪಾಯವನ್ನು ಪ್ರಯೋಗಿಸಿದರೆ ಏನಾದೀತು? ಅವನು ಕುಳಿತ ಕೊಂಬೆ ಅಲುಗೀತು, ಎಲೆಗಳು ಸದ್ದು ಮಾಡಿಯಾವು. ಮರ ಮಾತ್ರ ತೂಗದು. ಮಾವಿನ ಕಾಂಡ ದಪ್ಪವಾದುದು, ಆದುದರಿಂದ ಬಾಗದು ಎಂದು ಒಡನೆಯೇ ಉತ್ತರ ಹೇಳಬಹುದು. ಈ ಉತ್ತರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಉಳಿದರ್ಧ ಉತ್ತರ ಮರದ ಆಕಾರದಲ್ಲಿ ಅಡಗಿದೆ.

ಈ ಉಳಿದರ್ಧವನ್ನು ಕುರಿತು ಯೋಚಿಸುವಂತೆ ನನ್ನನ್ನು ಪ್ರೇರಿಸಿದ್ದು ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ. ನಾನು ಪಾಠ ಹೇಳುವ ಕಾಲೇಜಿನ ಬಾಗಿಲ ಬಳಿ ಎರಡು ಮಳೆಮರಗಳಿದ್ದುವು. ಒಂದು ರಸ್ತೆಯ ಅಂಚಿನಲ್ಲಿ, ಇನ್ನೊಂದು ಆವರಣದ ಒಳಗೆ; ಎರಡನ್ನೂ ಒಂದೇ ವರ್ಷ ನೆಟ್ಟುದೆಂದು ಹಿರಿಯರು ಹೇಳುತ್ತಿದ್ದರು. ಒಂದು ಮೇ ತಿಂಗಳ ರಾತ್ರಿ ಬೀಸಿದ ಮಳೆಗಾಳಿಗೆ ರಸ್ತೆಯ ಮರ ಬುಡಮೇಲಾಗಿ ಚಹದ ಗಾಡಿಯೊಂದನ್ನು ನುಚ್ಚುನೂರು ಮಾಡಿತು. ರಾತ್ರಿಯಾಗಿದ್ದುದರಿಂದ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆ ಗಾಡಿಯವನಿಗಾದರೋ ಬದುಕೇ ಮುರಿದುಬಿದ್ದಂತಾಯಿತು. “ಮರ ಮುದಿಯಾಗಿತ್ತು, ಬಿತ್ತು” ಎಂದು ಎಲ್ಲರೂ ಅಂದರು. ಮರುದಿನ ಆ ಹುಡುಗಿ ಕೇಳಿದಳು: “ಸಾರ್, ಒಳಗಿನ ಮರಕ್ಕೂ ಅಷ್ಟೇ ವಯಸ್ಸಲ್ಲವೆ? ಅದರ ಮೇಲೂ ಅದೇ ಗಾಳಿಯಲ್ಲವೆ ಬೀಸಿದ್ದು? ಅದೇಕೆ ಬೀಳಲಿಲ್ಲ?”

ಅಂದು ನಾನು ಸರಿಯಾದ ಉತ್ತರ ಕೊಡಲಾಗಲಿಲ್ಲ. ಈ ಲೇಖನ ಆ ಉತ್ತರವೆಂದು ವಾಚಕರು ತಿಳಿಯಬಹುದು.

ಗಾಳಿಯ ಬಲವೆಷ್ಟು?

ಗಾಳಿ ಕಣ್ಣಿಗೆ ಕಾಣದಿದ್ದರೂ ತೂಕವುಳ್ಳ ವಸ್ತು. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ಚಲಿಸುತ್ತಿರುವ ಈ ವಸ್ತುವನ್ನು ತಡೆದಾಗ ತಡೆದುದರ ಮೇಲೆ ಒತ್ತಡ ಬೀಳಲೇಬೇಕು. ಆ ಒತ್ತಡ ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಗಾಳಿ ಸೆಕೆಂಡಿಗೆ 10 ಮೀಟರ್, ಎಂದರೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ಒತ್ತಡ ಪ್ರತಿ ಚದರ ಮೀಟರಿಗೆ 60 ನ್ಯೂಟನ್. ಸುಮಾರು 6 ಕಿಲೋಗ್ರಾಂ ತೂಕಕ್ಕೆ ಸಮ. ವೇಗ 20 ಮೀಟರಿಗೆ ಏರಿದರೆ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ: 240 ನ್ಯೂಟನ್. ವೇಗ 40 ಮೀಟರ್ ಆದರೆ 960 ನ್ಯೂಟನ್. ಪ್ರತಿ ಚದರ ಮೀಟರಿನ ಮೇಲೂ ಸುಮಾರು 98 ಕಿಲೋಗ್ರಾಂ ಹೊರೆ!

ಮರದ ತಲೆ, ಎಂದರೆ ಕೊಂಬೆ ಎಲೆಗಳ ಕೊಡೆ, ಹಲಗೆಯಂತೆ ಗಡುಸಾಗಿದ್ದರೆ ಈ ಲೆಕ್ಕವೇ ಅದಕ್ಕೂ ಅನ್ವಯಿಸುತ್ತಿತ್ತು. ಹಾಗಿದ್ದಿದ್ದರೆ ದೊಡ್ಡ ಮರಗಳು ಬಹುಶಃ ಲೋಕದಲ್ಲಿ ಉಳಿಯುತ್ತಿರಲಿಲ್ಲ. ಮರ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವುದು ಮಣಿಯುವುದರ ಮೂಲಕ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿದ್ದ ಸ್ಟೀವನ್ ವೋಗೆಲ್ (1940–2015) ಎಂಬ ಜೀವವಿಜ್ಞಾನಿ ಎಲೆಗಳನ್ನು ಗಾಳಿಯ ಸುರಂಗದಲ್ಲಿಟ್ಟು ಪರೀಕ್ಷಿಸಿ 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಟ್ಯೂಲಿಪ್ ಮರದ ಅಗಲವಾದ ಎಲೆ, ಗಾಳಿ ಬಲವಾದಂತೆಲ್ಲ ತಾನಾಗಿ ಸುರುಳಿ ಸುತ್ತಿಕೊಂಡು, ಕಡಲೆಕಾಯಿ ಮಾರುವವನು ಕಟ್ಟಿಕೊಡುವ ಕಾಗದದ ಪೊಟ್ಟಣದ ಆಕಾರವನ್ನು ತಾಳುವುದನ್ನು ಅವರು ಕಂಡರು. ಎಲೆ ಹೀಗೆ ಕಿರಿದಾಗುತ್ತದೆ. ರೆಂಬೆಗಳು ಗಾಳಿಯ ದಿಕ್ಕಿಗೆ ಒರಗುತ್ತವೆ. ಇಡೀ ಮರದ ತಲೆ ಮುದುಡಿ ಗಾಳಿಗೆ ದಾರಿ ಬಿಡುತ್ತದೆ. ಇದರ ಫಲವಾಗಿ, ಬಿರುಗಾಳಿಯ ವೇಗ ಇಮ್ಮಡಿಯಾದಾಗ ಮರದ ಮೇಲಿನ ಎಳೆತ ನಾಲ್ಕು ಪಟ್ಟು ಹೆಚ್ಚುವ ಬದಲು ಸುಮಾರು ಎರಡರಿಂದ ಮೂರು ಪಟ್ಟು ಮಾತ್ರ ಹೆಚ್ಚುತ್ತದೆ.

ನಮ್ಮ ಸುತ್ತಲಿನ ಮರಗಳಲ್ಲಿ ಈ ಮಣಿಯುವ ವಿದ್ಯೆ ನಾನಾ ವಿಧವಾಗಿ ತೋರುವುದು. ತೆಂಗಿನ ಗರಿ ಒಂದೇ ಅಗಲವಾದ ಹಾಳೆಯಾಗಿರದೆ ನೂರಾರು ಕಿರಿದಾದ ಪಟ್ಟಿಗಳಾಗಿ ಸೀಳಿಕೊಂಡಿದೆ. ಗಾಳಿ ಅವುಗಳ ನಡುವೆ ನುಸುಳಿಹೋಗುತ್ತದೆ. ಮೈಸೂರು ಸೀಮೆಯವರು ಸರ್ವೆಯೆಂದೂ ಕರಾವಳಿಯವರು ಗಾಳಿಮರವೆಂದೂ ಕರೆಯುವ ಮರದಲ್ಲಿ ಎಲೆಗಳೆಂಬುವು ಕಣ್ಣಿಗೆ ಕಾಣದಷ್ಟು ಚಿಕ್ಕ ಹುರುಪೆಗಳು. ನಾವು ಎಲೆಯೆಂದು ತಿಳಿಯುವುದು ದಾರದಂತಹ ಹಸುರು ಕಡ್ಡಿಗಳನ್ನು. ಕಡಲ ತೀರದಲ್ಲಿ ಗಾಳಿಗೆ ತಡೆಯಾಗಿ ಸಾಲುಸಾಲಾಗಿ ಈ ಮರವನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಇನ್ನು ಅರಳಿಯ ಎಲೆಯಂತೂ ಉದ್ದನೆಯ ತೆಳು ತೊಟ್ಟಿನ ಮೇಲೆ ನಿಂತು, ಗಾಳಿಯಿಲ್ಲವೆಂದು ನಾವು ಭಾವಿಸುವ ಹೊತ್ತಿನಲ್ಲಿಯೂ ಅಲುಗುತ್ತಿರುತ್ತದೆ. ಅಮರಕೋಶದಲ್ಲಿ ಅಶ್ವತ್ಥಕ್ಕೆ ‘ಚಲದಲ’, ಎಂದರೆ ಚಲಿಸುವ ಎಲೆಯುಳ್ಳುದು, ಎಂಬ ಹೆಸರಿದೆ. ಆ ಹೆಸರನ್ನಿಟ್ಟವರು ಮರವನ್ನು ಚೆನ್ನಾಗಿ ನೋಡಿದ್ದರು.

ತೂಗಾಟದ ಕಾಲ

ಗಾಳಿಯ ಬಲ ಸದಾ ಒಂದೇ ಸಮನಾಗಿದ್ದರೆ ಮರ ಒಮ್ಮೆ ಬಾಗಿ ಹಾಗೆಯೇ ನಿಂತಿರುತ್ತಿತ್ತು. ಆದರೆ ಗಾಳಿ ಬೀಸುವುದು ಅಲೆಅಲೆಯಾಗಿ. ಒಂದು ರಭಸ ಬರುತ್ತದೆ, ಇಳಿಯುತ್ತದೆ, ಮತ್ತೊಂದು ಬರುತ್ತದೆ. ಆದುದರಿಂದ ಮರ ಬಾಗುವುದಷ್ಟೇ ಅಲ್ಲ, ತೂಗುತ್ತದೆ. ಇಲ್ಲಿಂದ ಮುಂದೆ ನಮಗೆ ಲೋಲಕದ ಪಾಠ ನೆನಪಿರಬೇಕು.

ಪ್ರತಿಯೊಂದು ಲೋಲಕಕ್ಕೂ ತನ್ನದೇ ಆದ ಆವರ್ತಕಾಲವಿರುವಂತೆ, ಬುಡದಲ್ಲಿ ಬಿಗಿದು ನಿಲ್ಲಿಸಿದ ಪ್ರತಿಯೊಂದು ಕಂಬಕ್ಕೂ ತನ್ನದೇ ಆದ ತೂಗಾಟದ ಕಾಲವುಂಟು. ಆ ಕಾಲ ಕಂಬದ ಎತ್ತರದ ವರ್ಗಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ, ದಪ್ಪಕ್ಕೆ ಅನುಪಾತದಲ್ಲಿ ಕಡಿಮೆಯಾಗುತ್ತದೆ. ದಪ್ಪ ಹಾಗೆಯೇ ಇದ್ದು ಎತ್ತರ ಇಮ್ಮಡಿಯಾದರೆ ಒಂದು ತೂಗಿಗೆ ಹಿಡಿಯುವ ಹೊತ್ತು ನಾಲ್ಮಡಿಯಾಗುವುದು. ತುದಿಯಲ್ಲಿ ಭಾರವಿದ್ದರೆ ಹೊತ್ತು ಇನ್ನೂ ಹೆಚ್ಚು. ಗಿಡಗಳು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ಅಲುಗುವುದನ್ನೂ, ಎತ್ತರದ ಮರಗಳು ಒಂದು ತೂಗಿಗೆ ಹಲವು ಸೆಕೆಂಡುಗಳನ್ನು ತೆಗೆದುಕೊಳ್ಳುವುದನ್ನೂ ಕೈಗಡಿಯಾರವಿದ್ದ ಯಾರು ಬೇಕಾದರೂ ಅಳೆದು ನೋಡಬಹುದು.

ಉಯ್ಯಾಲೆಯನ್ನು ತಳ್ಳುವ ಮಗುವಿಗೂ ತಿಳಿದಿರುವ ಸಂಗತಿಯೊಂದಿದೆ. ಉಯ್ಯಾಲೆ ಹಿಂದಕ್ಕೆ ಬಂದು ಮುಂದಕ್ಕೆ ಹೊರಡುವ ಗಳಿಗೆಯನ್ನು ನೋಡಿ ತಳ್ಳಿದರೆ ಸ್ವಲ್ಪ ಬಲವೇ ಸಾಕು. ತೂಗಾಟ ಬೆಳೆಯುತ್ತ ಹೋಗುತ್ತದೆ. ಹೊತ್ತುಗೆಟ್ಟು ತಳ್ಳಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ. ಹೊರಗಿನ ಬಲದ ಲಯ ವಸ್ತುವಿನ ಸಹಜ ಲಯಕ್ಕೆ ಹೊಂದಿದಾಗ ಆಂದೋಲನ ಹೀಗೆ ಬೆಳೆಯುವುದಕ್ಕೆ ಅನುರಣನವೆಂದು ಹೆಸರು. ಕೊನೆಗೌಡನು ಮಾಡುವುದು ಇದನ್ನೇ. ಅಡಕೆಯ ಮರ ಒಂದು ಉದ್ದನೆಯ ತೆಳುಕಂಬ. ಅದರ ಗರಿಗಳ ಭಾರವೆಲ್ಲ ತುದಿಯಲ್ಲಿ, ಅಲ್ಲಿ ಈಗ ಕೊನೆಗೌಡನ ಮೈಭಾರವೂ ಸೇರಿದೆ. ಒಂದೇ ಕಾಂಡ, ಒಂದೇ ತಲೆ, ಒಂದೇ ಲಯ. ಆ ಲಯವನ್ನು ಅವನ ಮೈ ಅರಿತಿದೆ.

ಆದರೆ ಕೊನೆಗೌಡನಿಗೆ ಸಾಧ್ಯವಾದುದು ಗಾಳಿಗೂ ಸಾಧ್ಯ. ಗಾಳಿಯ ರಭಸಗಳಲ್ಲಿ ಎಲ್ಲ ಬಗೆಯ ಲಯಗಳೂ ಬೆರೆತಿರುತ್ತವೆ. ಅವುಗಳಲ್ಲಿ ಮರದ ಲಯಕ್ಕೆ ಹೊಂದಿದ್ದು ಮರವನ್ನು ಹಿಡಿದು ತೂಗತೊಡಗುತ್ತದೆ. ಸಾಧಾರಣ ಬಲದ ಗಾಳಿಯೂ ಒಂದರ ಮೇಲೊಂದರಂತೆ ತಕ್ಕ ಹೊತ್ತಿಗೆ ಎಳೆದರೆ, ಒಂದೇ ದೊಡ್ಡ ರಭಸ ಮಾಡಲಾರದ ಹಾನಿಯನ್ನು ಮಾಡೀತು. ಮರಕ್ಕೆ ಉಳಿಗಾಲವಿರುವುದು ತನಗೆ ಬಂದ ಚಲನೆಯ ಶಕ್ತಿಯನ್ನು ಬೇಗಬೇಗನೆ ಕಳೆದುಕೊಳ್ಳುವುದರಲ್ಲಿ. ತೂಗಾಟ ಹೀಗೆ ಕುಗ್ಗುತ್ತ ಹೋಗುವುದನ್ನು ಭೌತವಿಜ್ಞಾನದಲ್ಲಿ ಅವಮಂದನ ಎನ್ನುತ್ತಾರೆ.

ಕೊಂಬೆಗಳ ಕೆಲಸ

ಈಗ ಮಾವಿನ ಮರಕ್ಕೆ ಬರೋಣ. ಅದರಲ್ಲಿ ಕಾಂಡ ಒಡೆದು ಕೊಂಬೆಗಳಾಗಿದೆ, ಕೊಂಬೆ ಒಡೆದು ರೆಂಬೆಗಳಾಗಿದೆ, ರೆಂಬೆ ಒಡೆದು ಕಡ್ಡಿಗಳಾಗಿದೆ. ಪ್ರತಿಯೊಂದು ಕೊಂಬೆಗೂ ಅದರದೇ ಉದ್ದ, ಅದರದೇ ದಪ್ಪ. ಆದುದರಿಂದ ಅದರದೇ ಲಯ. ಗಾಳಿ ಕಾಂಡವನ್ನು ಬಲಕ್ಕೆ ಎಳೆಯುವ ಹೊತ್ತಿಗೆ ಒಂದು ಕೊಂಬೆ ಎಡಕ್ಕೆ ಮರಳುತ್ತಿರುತ್ತದೆ; ಇನ್ನೊಂದು ಮೇಲಕ್ಕೇಳುತ್ತಿರುತ್ತದೆ; ಮತ್ತೊಂದು ಪಕ್ಕಕ್ಕೆ ಹೊರಳುತ್ತಿರುತ್ತದೆ. ಕಾಂಡಕ್ಕೆ ಬಂದ ಶಕ್ತಿ ಕೊಂಬೆಗಳಿಗೆ, ಕೊಂಬೆಗಳಿಂದ ರೆಂಬೆಗಳಿಗೆ ಹಂಚಿಹೋಗಿ, ಕೊನೆಗೆ ಲಕ್ಷಾಂತರ ಎಲೆಗಳ ಅಲುಗಾಟದಲ್ಲಿ ಕರಗುತ್ತದೆ. ಎಲೆಗಳು ಗಾಳಿಯಲ್ಲಿ ಅತ್ತಿತ್ತ ಸರಿಯುವಾಗ ಬೀಸಣಿಗೆಯಂತೆ ಗಾಳಿಯ ತಡೆಯನ್ನು ಎದುರಿಸುತ್ತವೆ. ರೆಂಬೆಗಳು ಒಂದನ್ನೊಂದು ಉಜ್ಜುತ್ತವೆ, ಬಡಿಯುತ್ತವೆ. ಹಸಿ ಕಟ್ಟಿಗೆಯ ನಾರುಗಳ ಒಳಗೂ ಘರ್ಷಣೆಯುಂಟು. ಇವೆಲ್ಲ ಸೇರಿ ತೂಗಾಟವನ್ನು ನುಂಗಿಬಿಡುತ್ತವೆ.

ಕೊಂಬೆಗಳ ಈ ಕೆಲಸವನ್ನು ಅಳೆದು ತೋರಿಸಿದವರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾನಿಲಯದ ಹಾನ್ಸ್ ಕ್ರಿಸ್ಟಾಫ್ ಸ್ಪಾಟ್ಸ್ ಮತ್ತು ಅವರ ಸಂಗಡಿಗರು ಮುಖ್ಯರು. ಅವರು 2007ರಲ್ಲಿ ಡಗ್ಲಸ್ ಫರ್ ಮರವನ್ನು ಕುರಿತು ಪ್ರಕಟಿಸಿದ ಲೇಖನದ ತಿರುಳಿದು: ಕೊಂಬೆಗಳ ಲಯ ಕಾಂಡದ ಲಯಕ್ಕೆ ಸಮೀಪವಾಗಿರುವುದರಿಂದಲೇ ಅವು ಕಾಂಡದ ಶಕ್ತಿಯನ್ನು ಸುಲಭವಾಗಿ ಎಳೆದುಕೊಳ್ಳುತ್ತವೆ. ಆಸ್ಟ್ರೇಲಿಯದ ಕೆನ್ ಜೇಮ್ಸ್ ಮತ್ತು ಸಂಗಡಿಗರೂ 2006ರಲ್ಲಿ ಇದೇ ಮಾರ್ಗದಲ್ಲಿ ಬರೆದಿದ್ದರು.

ಮನುಷ್ಯನು ಕಟ್ಟಡಗಳಲ್ಲಿ ಈ ತಂತ್ರವನ್ನೇ ಬಳಸಿದ್ದಾನೆ. 2004ರಲ್ಲಿ ಪೂರ್ಣಗೊಂಡ, 508 ಮೀಟರ್ ಎತ್ತರದ ತೈಪೆ 101 ಎಂಬ ಸೌಧದ ಮೇಲಂತಸ್ತುಗಳಲ್ಲಿ 660 ಟನ್ ತೂಕದ ಉಕ್ಕಿನ ಗೋಳವೊಂದನ್ನು ಲೋಲಕದಂತೆ ತೂಗುಬಿಟ್ಟಿದ್ದಾರೆ. ಗಾಳಿಗೆ ಸೌಧ ಒಂದು ಕಡೆ ಸರಿದರೆ ಗೋಳ ಹಿಂದುಳಿದು ಅದನ್ನು ಎಳೆದು ಹಿಡಿಯುತ್ತದೆ. ಸೌಧಕ್ಕೆ ಅಂಥದು ಒಂದೇ ಗೋಳ. ಮಾವಿನ ಮರಕ್ಕಾದರೋ ಪ್ರತಿ ಕೊಂಬೆಯೂ ಅಂಥದೊಂದು.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸುಮಾರು ಎರಡಡಿ ಉದ್ದದ ತೆಳುವಾದ ಬಿದಿರಿನ ಸೀಳನ್ನು ಮೇಜಿನ ಕಾಲಿಗೋ ಕಿಟಕಿಯ ಸರಳಿಗೋ ಬಿಗಿಯಾಗಿ ಕಟ್ಟಿ ನೆಟ್ಟಗೆ ನಿಲ್ಲಿಸಿ. ತುದಿಗೆ ನಿಂಬೆಯ ಗಾತ್ರದ ಜೇಡಿಮಣ್ಣಿನ ಉಂಡೆಯನ್ನು ಮೆತ್ತಿ. ತುದಿಯನ್ನು ನಾಲ್ಕು ಅಂಗುಲ ಎಳೆದು ಬಿಟ್ಟು, ಅದು ನಿಲ್ಲುವ ತನಕ ಎಷ್ಟು ಸಲ ತೂಗುವುದೆಂದು ಎಣಿಸಿ. ಇದು ನಿಮ್ಮ ಅಡಕೆಯ ಮರ. ಈಗ ಉಂಡೆಯ ಅರ್ಧ ಮಣ್ಣನ್ನು ತೆಗೆದು ಐದು ಸಣ್ಣ ಗುಳಿಗೆಗಳನ್ನು ಮಾಡಿ, ತೆಂಗಿನ ಪೊರಕೆಯ ಐದು ಕಡ್ಡಿಗಳ ತುದಿಗೆ ಅಂಟಿಸಿ, ಕಡ್ಡಿಗಳನ್ನು ಸೀಳಿನ ಮೇಲ್ಭಾಗದಲ್ಲಿ ಕೊಂಬೆಗಳಂತೆ ದಾರದಿಂದ ಬಿಗಿಯಿರಿ. ಕಡ್ಡಿಗಳ ಉದ್ದ ಒಂದೊಂದೂ ಬೇರೆಯಾಗಿರಲಿ. ಆದರೆ ಅವುಗಳ ತೂಗಾಟ ಸೀಳಿನ ತೂಗಾಟಕ್ಕೆ ಹೆಚ್ಚುಕಡಿಮೆ ಸಮೀಪವಾಗಿರಲಿ. ಮಣ್ಣಿನ ಒಟ್ಟು ತೂಕ ಮೊದಲಿನಷ್ಟೇ. ಮತ್ತೆ ಎಳೆದು ಬಿಟ್ಟು ಎಣಿಸಿ. ಕಡ್ಡಿಗಳು ಕುಣಿಯುತ್ತವೆ, ಸೀಳು ಬೇಗನೆ ಸುಮ್ಮನಾಗುತ್ತದೆ. ಮೂರನೆಯ ಸಲ ಕಡ್ಡಿಗಳಿಗೆ ಅಗಲವಾದ ಕಾಗದದ ಎಲೆಗಳನ್ನು ಅಂಟಿಸಿ ನೋಡಿ. ತೂಗಾಟ ಇನ್ನೂ ಬೇಗ ಅಡಗುವುದು. ನಿಮ್ಮ ಎಣಿಕೆಗಳು ನಿಮ್ಮ ಸಾಮಗ್ರಿಗಳನ್ನು ಅವಲಂಬಿಸಿರುತ್ತವೆ. ಅವುಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಗಾಳಿಯೇ ಶಿಲ್ಪಿ

ಕೊಂಬೆಗಳ ಮೇಲೆ ಬಿದ್ದ ಹೊರೆ ಕೊನೆಗೆ ಕಾಂಡಕ್ಕೆ ಬಂದು ಸೇರುವುದಷ್ಟೆ. ಮರ ಒಂದು ಸನ್ನೆಗೋಲು. ತಲೆಯ ಮೇಲೆ ಗಾಳಿಯ ಬಲ, ಬುಡದಲ್ಲಿ ಆಧಾರ. ಯಾವುದೇ ಮಟ್ಟದಲ್ಲಿ ಕಾಂಡವನ್ನು ಬಾಗಿಸಿ ಮುರಿಯಲು ನೋಡುವ ಹೊರೆ, ಗಾಳಿಯ ಬಲವನ್ನು ಆ ಮಟ್ಟದಿಂದ ತಲೆಯ ಮಧ್ಯದವರೆಗಿನ ಎತ್ತರದಿಂದ ಗುಣಿಸಿದಷ್ಟು. ಕೆಳಕ್ಕೆ ಇಳಿದಂತೆಲ್ಲ ಹೊರೆ ಹೆಚ್ಚುವುದರಿಂದ ಕಾಂಡವೂ ಕೆಳಕ್ಕೆ ದಪ್ಪವಾಗಬೇಕು. ಎಷ್ಟು ದಪ್ಪ? ದುಂಡನೆಯ ಕಂಬದ ಬಲ ಅದರ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. ಆದುದರಿಂದ ತಲೆಯ ಮಧ್ಯದಿಂದ 1 ಮೀಟರ್ ಕೆಳಗೆ ವ್ಯಾಸ 20 ಸೆಂಟಿಮೀಟರ್ ಇದ್ದರೆ, 8 ಮೀಟರ್ ಕೆಳಗೆ ಎಂಟರ ಘನಮೂಲದಷ್ಟು, ಎಂದರೆ ಎರಡು ಪಟ್ಟು, 40 ಸೆಂಟಿಮೀಟರ್ ಇರಬೇಕು. ಹಾಗಿದ್ದರೆ ಕಾಂಡದ ಯಾವ ಭಾಗವೂ ಉಳಿದುದಕ್ಕಿಂತ ದುರ್ಬಲವಲ್ಲ. ಎಲ್ಲಿಯೂ ಕಟ್ಟಿಗೆ ವ್ಯರ್ಥವಲ್ಲ. ಜರ್ಮನಿಯ ಮೆಟ್ಸ್‌ಗರ್ ಎಂಬ ಅರಣ್ಯವಿದ್ವಾಂಸನು 1893ರಲ್ಲಿಯೇ ಈ ತತ್ತ್ವವನ್ನು ಸೂಚಿಸಿದನು.

ಕವಲುಗಳಲ್ಲಿಯೂ ಒಂದು ನಿಯಮ ಕಾಣುತ್ತದೆ. ಕವಲೊಡೆದ ಕೊಂಬೆಗಳ ಅಡ್ಡಕೊಯ್ತಗಳ ಕ್ಷೇತ್ರಫಲವನ್ನು ಕೂಡಿಸಿದರೆ ಅವುಗಳ ತಾಯಿಕಾಂಡದ ಕ್ಷೇತ್ರಫಲಕ್ಕೆ ಹತ್ತಿರ ಬರುವುದೆಂದು ಲಿಯೊನಾರ್ಡೊ ಡ ವಿಂಚಿ (1452–1519) ಗಮನಿಸಿದ್ದನು. ದಾರದಿಂದ ಸುತ್ತಳತೆಯನ್ನು ತೆಗೆದು ಇದನ್ನು ಪರೀಕ್ಷಿಸಬಹುದು: ಕಾಂಡದ ಸುತ್ತಳತೆ 100 ಸೆಂಟಿಮೀಟರ್ ಆಗಿದ್ದು ಅದು ಎರಡು ಸಮಾನ ಕೊಂಬೆಗಳಾಗಿ ಒಡೆದಿದ್ದರೆ ಪ್ರತಿಯೊಂದರ ಸುತ್ತಳತೆ 71ರ ಸುಮಾರಿಗೆ ಇರಬೇಕು. ಬೇರಿನಿಂದ ಎಲೆಗೆ ನೀರು ಸಾಗಿಸುವುದಕ್ಕಾಗಿ ಮರ ಹೀಗಿದೆಯೆಂದು ಬಹುಕಾಲ ಭಾವಿಸಿದ್ದರು. ಗಾಳಿಯ ಹೊರೆ ಎಲ್ಲ ಕೊಂಬೆಗಳ ಮೇಲೂ ಸಮನಾಗಿ ಹಂಚಿಹೋಗಬೇಕಾದರೂ ಇದೇ ನಿಯಮ ಹುಟ್ಟುವುದೆಂದು ಕ್ರಿಸ್ಟೋಫ್ ಎಲ್ವಾ ಎಂಬ ಫ್ರೆಂಚ್ ಭೌತವಿಜ್ಞಾನಿ 2011ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಮರಕ್ಕೆ ಈ ಲೆಕ್ಕವನ್ನು ಕಲಿಸಿದವರಾರು? ಗಾಳಿಯೇ. ಇಂಗ್ಲೆಂಡಿನ ಥಾಮಸ್ ಆಂಡ್ರೂ ನೈಟ್ 1803ರಲ್ಲಿ ವರದಿ ಮಾಡಿದ ಪ್ರಯೋಗ ಇದಕ್ಕೆ ಸಾಕ್ಷಿ. ಅವನು ಎಳೆಯ ಸೇಬಿನ ಗಿಡಗಳಲ್ಲಿ ಕೆಲವನ್ನು ಅಲುಗದಂತೆ ಕಟ್ಟಿದನು. ಕೆಲವನ್ನು ತೂಗಾಡಲು ಬಿಟ್ಟನು. ಒಂದನ್ನು ಒಂದೇ ದಿಕ್ಕಿನಲ್ಲಿ ಮಾತ್ರ ತೂಗುವಂತೆ ಏರ್ಪಡಿಸಿದನು. ತೂಗಾಡಿದ ಗಿಡಗಳ ಕಾಂಡ ಹೆಚ್ಚು ದಪ್ಪವಾಯಿತು. ಒಂದೇ ದಿಕ್ಕಿಗೆ ತೂಗಿದ ಗಿಡದ ಕಾಂಡ ದುಂಡಗಿರದೆ ಆ ದಿಕ್ಕಿಗೆ ಉದ್ದವಾದ ಮೊಟ್ಟೆಯಾಕಾರವನ್ನು ತಾಳಿತು. ಎಲ್ಲಿ ಹೊರೆ ಹೆಚ್ಚೋ ಅಲ್ಲಿ ಮರ ಕಟ್ಟಿಗೆಯನ್ನು ಬೆಳೆಸುತ್ತದೆ. 1950ರಲ್ಲಿ ಆರಂಭವಾದ ವನಮಹೋತ್ಸವದಲ್ಲಿ ಇಂದಿಗೂ ಗಿಡ ನೆಡುವ ವಿದ್ಯಾರ್ಥಿಗಳು ಇದರಿಂದ ಒಂದು ಪಾಠ ಕಲಿಯಬಹುದು: ಊರುಗೋಲಿಗೆ ಗಿಡವನ್ನು ಉಸಿರುಗಟ್ಟುವಂತೆ ಬಿಗಿಯಬೇಡಿರಿ. ಸ್ವಲ್ಪ ತೂಗಾಡಲು ಬಿಡಿರಿ. ತೂಗಾಡಿದ ಗಿಡವೇ ಗಟ್ಟಿಮರವಾಗುವುದು.

ಅಡಕೆ ತೆಂಗುಗಳ ಮಾತು ಬೇರೆ. ಅವುಗಳ ಕಾಂಡ ವರ್ಷವರ್ಷಕ್ಕೆ ಬಳೆಬಳೆಯಾಗಿ ದಪ್ಪವಾಗುವ ಜಾತಿಯದಲ್ಲ. ಅವುಗಳ ಗಟ್ಟಿ ನಾರುಗಳು ಕಾಂಡದ ಹೊರಸುತ್ತಿನಲ್ಲಿ ಒತ್ತಾಗಿರುತ್ತವೆ. ಕಂಬ ಬಾಗಿದಾಗ ಹೆಚ್ಚಿನ ಎಳೆತವೂ ಒತ್ತಡವೂ ಬೀಳುವುದು ಹೊರಮೈಯ ಮೇಲೆಯೇ ಆದುದರಿಂದ ಇದು ಯುಕ್ತವಾದ ಏರ್ಪಾಡು. ಆಲದ ಮರದ್ದು ಮತ್ತೊಂದು ಮಾರ್ಗ. ಅಡ್ಡಡ್ಡಲಾಗಿ ಚಾಚುವ ಅದರ ಕೊಂಬೆಗಳಿಂದ ಬಿಳಲುಗಳು ಇಳಿದು ನೆಲವನ್ನು ಹೊಕ್ಕು ಕಂಬಗಳಾಗುತ್ತವೆ. ಬೆಂಗಳೂರಿನ ಸಮೀಪದ ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು ಮೂರು ಎಕರೆ ಹಬ್ಬಿದೆ. ಅದರ ತಾಯಿಕಾಂಡ ರೋಗದಿಂದ ನಾಶವಾಗಿಹೋದರೂ ಬಿಳಲುಗಳ ಮೇಲೆ ಮರ ನಿಂತಿದೆ. ಲಾಲ್‌ಬಾಗಿನ ಬೃಹತ್ ಬೂರುಗದ ಮರದ ಬುಡದಲ್ಲಿ ಗೋಡೆಗಳಂತೆ ಎದ್ದುನಿಂತ ಬೇರುಗಳನ್ನು ನೋಡಿದವರಿಗೆ, ಮರ ತನ್ನ ಸನ್ನೆಗೋಲಿನ ಬುಡವನ್ನು ಹೇಗೆ ಅಗಲಗೊಳಿಸಿಕೊಂಡಿದೆಯೆಂಬುದು ತಾನಾಗಿ ತಿಳಿಯುವುದು.

ಮರ ಬೀಳುವುದೇಕೆ?

ಇಷ್ಟೆಲ್ಲ ಇದ್ದರೂ ಮರದ ಶಕ್ತಿಗೆ ಮಿತಿಯಿದೆ. 2009ರ ಜನವರಿ 24ರಂದು ಕ್ಲಾಸ್ ಎಂಬ ಚಂಡಮಾರುತ ಫ್ರಾನ್ಸಿನ ನೈಋತ್ಯ ಭಾಗದ ಕಾಡುಗಳನ್ನು ನೆಲಸಮ ಮಾಡಿತು. ಆ ಹಾನಿಯ ನಕ್ಷೆಯನ್ನು ಗಾಳಿಯ ವೇಗದ ನಕ್ಷೆಯೊಡನೆ ಹೋಲಿಸಿದ ಫ್ರೆಂಚ್ ವಿಜ್ಞಾನಿಗಳು, ಸೆಕೆಂಡಿಗೆ ಸುಮಾರು 42 ಮೀಟರ್, ಎಂದರೆ ಗಂಟೆಗೆ 150 ಕಿಲೋಮೀಟರ್ ವೇಗವನ್ನು ಮೀರಿದೆಡೆಗಳಲ್ಲಿ ಪೈನ್ ಓಕ್ ಎನ್ನದೆ ಮರಗಳು ಮುರಿದಿದ್ದುವೆಂದು 2016ರಲ್ಲಿ ಪ್ರಕಟಿಸಿದರು. 2018ರ ನವೆಂಬರ್ 16ರಂದು ತಮಿಳುನಾಡಿನ ಕರಾವಳಿಗೆ ಅಪ್ಪಳಿಸಿದ ಗಜ ಚಂಡಮಾರುತಕ್ಕೆ ಕಾವೇರಿಯ ಮುಖಜಭೂಮಿಯ ತೆಂಗಿನ ತೋಟಗಳೂ ತತ್ತರಿಸಿದುವು. ಬಾಗುವ ವಿದ್ಯೆಯಲ್ಲಿ ನಿಪುಣವಾದ ತೆಂಗೂ ಅಜೇಯವಲ್ಲ.

ಆದರೆ ನಮ್ಮ ಊರುಗಳಲ್ಲಿ ಮುಂಗಾರಿಗೆ ಮೊದಲು ಬೀಸುವ ಗಾಳಿ ಸಾಮಾನ್ಯವಾಗಿ ಈ ವೇಗದ ಅರ್ಧವನ್ನೂ ಮುಟ್ಟುವುದಿಲ್ಲ. ಆದರೂ ರಸ್ತೆಯ ಮರಗಳು ಬೀಳುತ್ತವೆ. ಎಂದಮೇಲೆ ಕಾರಣವನ್ನು ಗಾಳಿಯಲ್ಲಿ ಮಾತ್ರ ಹುಡುಕಿದರೆ ಸಾಲದು.

ನಮ್ಮ ಕಾಲೇಜಿನ ಬಾಗಿಲ ಮರವನ್ನೇ ತೆಗೆದುಕೊಳ್ಳೋಣ. ಅದರ ಒಂದು ಪಕ್ಕದಲ್ಲಿ ವಿದ್ಯುತ್ ತಂತಿಗಳಿದ್ದುವು. ವರ್ಷವರ್ಷವೂ ಆ ಪಕ್ಕದ ಕೊಂಬೆಗಳನ್ನು ಕಾಂಡದವರೆಗೆ ಸವರುತ್ತಿದ್ದರು. ಎತ್ತರದ ವಾಹನಗಳಿಗೆ ತಗಲದಿರಲೆಂದು ಕೆಳಗಿನ ಕೊಂಬೆಗಳನ್ನೂ ತೆಗೆದರು. ಬುಡದ ಪಕ್ಕದಲ್ಲಿ ಚರಂಡಿ ತೋಡುವಾಗ ಬೇರುಗಳನ್ನು ಕಡಿದು ಮೇಲೆ ಕಾಂಕ್ರೀಟು ಹಾಕಿದರು. ಇವುಗಳಲ್ಲಿ ಒಂದೊಂದರ ಪರಿಣಾಮವೇನೆಂದು ಒಂದು ಮಾದರಿ ಲೆಕ್ಕದಿಂದ ನೋಡಬಹುದು.

ಒಂದು ಮರದ ತಲೆ ನೆಲದಿಂದ 4 ಮೀಟರಿಗೆ ಮೊದಲಾಗಿ 12 ಮೀಟರಿನವರೆಗೆ ಇರಲಿ. ಗಾಳಿಗೆ ಎದುರಾಗುವ ವಿಸ್ತಾರ 30 ಚದರ ಮೀಟರ್. ಅದರ ಮಧ್ಯ 8 ಮೀಟರ್ ಎತ್ತರದಲ್ಲಿ. ಎಲೆಗಳು ಮುದುಡಿದ ಮೇಲೆ ಪ್ರತಿ ಚದರ ಮೀಟರಿಗೆ 100 ನ್ಯೂಟನ್ ಬಲ ಬೀಳುವುದೆನ್ನೋಣ. ಒಟ್ಟು ಬಲ 3,000 ನ್ಯೂಟನ್; ಬುಡದ ಹೊರೆ 3,000ವನ್ನು 8ರಿಂದ ಗುಣಿಸಿದಷ್ಟು, ಎಂದರೆ 24,000 ನ್ಯೂಟನ್-ಮೀಟರ್. ಈಗ ಕೆಳಗಿನ 6 ಚದರ ಮೀಟರಿನಷ್ಟು ಕೊಂಬೆಗಳನ್ನು ಕಡಿಯೋಣ. ಅವು 5 ಮೀಟರ್ ಎತ್ತರದಲ್ಲಿದ್ದುದರಿಂದ ತಗ್ಗಿದ ಹೊರೆ 600ವನ್ನು 5ರಿಂದ ಗುಣಿಸಿದಷ್ಟು, 3,000 ಮಾತ್ರ. ತಲೆಯ ಐದನೆಯ ಒಂದು ಪಾಲು ಹೋಯಿತು. ಹೊರೆ ಎಂಟನೆಯ ಒಂದು ಪಾಲಷ್ಟೇ ಇಳಿಯಿತು. ಅಷ್ಟೇ ಹಸುರನ್ನು 11 ಮೀಟರ್ ಎತ್ತರದಿಂದ ತೆಗೆದಿದ್ದರೆ 6,600 ಇಳಿಯುತ್ತಿತ್ತು; ಎಂದರೆ ಕಾಲು ಭಾಗಕ್ಕಿಂತ ಹೆಚ್ಚು. ನೆಲದ ಬಳಿಗಿಂತ ಮೇಲೆ ಗಾಳಿಯ ವೇಗವೂ ಹೆಚ್ಚಾದುದರಿಂದ ನಿಜವಾದ ವ್ಯತ್ಯಾಸ ಇದಕ್ಕೂ ದೊಡ್ಡದು. ಇದರ ಮೇಲೆ, ಕಾಂಡದ ತೂಗಾಟವನ್ನು ನುಂಗುತ್ತಿದ್ದ ಕೊಂಬೆಗಳು ಹೋದುವು. ಮಾವಿನಂತಿದ್ದ ಮರವನ್ನು ಅಡಕೆಯ ಮರದಂತೆ ಮಾಡಿದರು; ಆದರೆ ಅಡಕೆಯ ಮರದ ಬಾಗುವ ಮೈಯನ್ನು ಅದಕ್ಕೆ ಕೊಡಲಾದೀತೆ?

ಒಂದೇ ಪಕ್ಕವನ್ನು ಸವರಿದರೆ ಮತ್ತೊಂದು ಕೇಡು. ಸಮನಾದ ತಲೆಯಲ್ಲಿ ಎಡಬಲಗಳ ಬಲ ಒಂದಕ್ಕೊಂದು ಸರಿಹೊಂದುತ್ತದೆ. ಅರ್ಧತಲೆ ಉಳಿದು, ಅದರ ಮಧ್ಯ ಕಾಂಡದಿಂದ ಒಂದೂವರೆ ಮೀಟರ್ ಪಕ್ಕಕ್ಕಿದ್ದರೆ, ರಸ್ತೆಯ ಉದ್ದಕ್ಕೆ ಬೀಸುವ ಗಾಳಿ 1,500 ನ್ಯೂಟನ್ ಬಲದಿಂದ ಕಾಂಡವನ್ನು ತಿರುಚತೊಡಗುತ್ತದೆ. 2,250 ನ್ಯೂಟನ್-ಮೀಟರ್, ಅದೂ ಹಿಂದೆ ಇಲ್ಲದಿದ್ದ ಹೊರೆ. ಕಟ್ಟಿಗೆ ಬಾಗುವಿಕೆಯನ್ನು ತಾಳಿದಷ್ಟು ತಿರುಚುವಿಕೆಯನ್ನು ತಾಳದು. ನಾರಿನ ಉದ್ದಕ್ಕೆ ಸೀಳಿಬಿಡುತ್ತದೆ. ಬಟ್ಟೆ ಹಿಂಡಿದಂತೆ ಕಬ್ಬಿನ ಜಲ್ಲೆಯನ್ನು ತಿರುಚಿ ನೋಡಿದವರಿಗೆ ಇದು ಗೊತ್ತು.

ಇನ್ನು ಬೇರು. ಮೇಲಿನ ಹೊರೆಯೆಲ್ಲ ಕೊನೆಗೆ ಮಣ್ಣಿಗೆ ಇಳಿಯಬೇಕಾದುದು ಬೇರುಗಳ ಮೂಲಕ. ಮಳೆಯಲ್ಲಿ ನೆನೆದ ಮಣ್ಣಿನ ಹಿಡಿತ ಮೊದಲೇ ಸಡಿಲ. ಒಂದು ಪಕ್ಕದ ಬೇರೂ ಕಡಿದುಹೋಗಿದ್ದರೆ ಮರ ನಿಂತಿರುವುದೇ ಆಶ್ಚರ್ಯ. ಬಿದ್ದ ಮರದ ಬೇರಿನ ಕಡೆಯನ್ನು ನಾನು ಹೋಗಿ ನೋಡಿದೆ. ಚರಂಡಿಯ ಪಕ್ಕದ ಬೇರುಗಳೆಲ್ಲ ಗರಗಸದಿಂದ ಕೊಯ್ದಂತೆ ನೇರವಾದ ಒಂದು ಗೆರೆಯಲ್ಲಿ ನಿಂತುಹೋಗಿದ್ದುವು.

ಹಾಗಾದರೆ ಕೊಂಬೆಗಳನ್ನು ಕಡಿಯಲೇಬಾರದೆ? ಕಡಿಯಬೇಕಾದ ಸಂದರ್ಭಗಳುಂಟು. ಒಣಗಿದುದನ್ನೂ ಹುಳಿತುದನ್ನೂ ತೆಗೆಯಲೇಬೇಕು. ಆದರೆ ಮರ ಎಳೆಯದಾಗಿದ್ದಾಗಲೇ ಅದರ ಆಕಾರವನ್ನು ತಿದ್ದುವುದು ಲೇಸು. ಆಗ ಗಾಯ ಚಿಕ್ಕದು, ಬೇಗನೆ ಮಾಯುವುದು. ಬೆಳೆದ ಮರದಲ್ಲಿ ಉದ್ದವಾದ ಕೊಂಬೆಗಳ ಹೊರತುದಿಗಳನ್ನು ಒಂದು ಪಕ್ಕರೆಂಬೆಯ ತನಕ ಸ್ವಲ್ಪಸ್ವಲ್ಪವೇ, ಎಲ್ಲ ದಿಕ್ಕಿಗೂ ಸಮನಾಗಿ ಮೊಟಕುಗೊಳಿಸಬೇಕು. ಮೇಲಿನ ಲೆಕ್ಕವನ್ನು ನಂಬಿ ಮರದ ತಲೆಯನ್ನೇ ಹಾರಿಸುವುದೂ ಸಲ್ಲದು. ದೊಡ್ಡ ಗಾಯದೊಳಕ್ಕೆ ನೀರಿಳಿದು ಕಾಂಡ ಟೊಳ್ಳಾಗುತ್ತದೆ. ಗಾಯದ ಸುತ್ತ ಚಿಗುರುವ ಹೊಸ ಕೊಂಬೆಗಳ ಬುಡ ಗಟ್ಟಿಯಿರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತಂತಿಯ ಕೆಳಗೆ ಎತ್ತರಕ್ಕೆ ಬೆಳೆಯುವ ಮರವನ್ನು ನೆಡದಿರುವುದೇ ವಿವೇಕ.

ಆವರಣದೊಳಗಿನ ಮಳೆಮರ ಈಗಲೂ ನಿಂತಿದೆ. ಅದರ ಸುತ್ತ ತಂತಿಯಿಲ್ಲ, ಚರಂಡಿಯಿಲ್ಲ. ಕೊಡೆಯಂತೆ ಎಲ್ಲ ದಿಕ್ಕಿಗೂ ಸಮನಾಗಿ ಹರಡಿಕೊಂಡಿದೆ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಗಾಳಿ ಎದ್ದಾಗ ನಾನು ತರಗತಿಯವರನ್ನು ಜಗಲಿಗೆ ಕರೆದು ಅದನ್ನು ತೋರಿಸಿದೆ. ಎಲೆಗಳು ಕುದಿಯುವಂತೆ ಅಲುಗುತ್ತಿದ್ದುವು, ರೆಂಬೆಗಳು ಬೀಸುತ್ತಿದ್ದುವು, ದೊಡ್ಡ ಕೊಂಬೆಗಳು ಒಂದೊಂದೂ ತನ್ನದೇ ಹೊತ್ತಿಗೆ ಏರಿ ಇಳಿಯುತ್ತಿದ್ದುವು, ಕಾಂಡ ಅಲುಗಿದಂತೆಯೇ ಕಾಣಲಿಲ್ಲ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಆ ವೇಳೆಗೆ ಪರೀಕ್ಷೆ ಮುಗಿಸಿ ಹೋಗಿದ್ದಳು. ಅವಳ ಪ್ರಶ್ನೆಗೆ ಆ ಮರ ಅಂದು ನನಗಿಂತ ಚೆನ್ನಾಗಿ ಉತ್ತರ ಹೇಳುತ್ತಿತ್ತು.

ನಿಮ್ಮ ಶಾಲೆ ಕಾಲೇಜಿನ ಅಂಗಳದ ಮರವನ್ನೂ ಮುಂದಿನ ಗಾಳಿಯ ದಿನ, ದೂರದಲ್ಲಿ ಸುರಕ್ಷಿತವಾಗಿ ನಿಂತು, ಹೀಗೆಯೇ ನೋಡಿರಿ. ಅದರ ತಲೆ ಒಂದು ಪಕ್ಕಕ್ಕೆ ವಾಲಿದೆಯೆ? ಕೆಳಗಿನ ಕೊಂಬೆಗಳು ಇವೆಯೆ? ಬುಡದ ಸುತ್ತ ಮಣ್ಣು ಕಾಣುವುದೆ, ಕಾಂಕ್ರೀಟು ಕಾಣುವುದೆ? ಕಂಡುದನ್ನು ಬರೆದು ನಿಮ್ಮ ಅಧ್ಯಾಪಕರಿಗೆ ತೋರಿಸಿರಿ. ಮರ ಬಿದ್ದ ಮೇಲೆ ಕಾರಣ ಹುಡುಕುವುದಕ್ಕಿಂತ ನಿಂತಿರುವಾಗ ಅದರ ಆಕಾರವನ್ನು ಓದುವುದು ಮೇಲು.